ಕಾಯಿಲೆ ಬದುಕಿಗೆ ಎಷ್ಟು ಅಡ್ಡಿ ಎಂದು ಅಳೆಯುವ ಪ್ರಶ್ನಾವಳಿ: ಅನುವಾದ ಮಾಡಿದರೆ ಸಾಕೇ?

ಸಾಲದು. ಪ್ರಶ್ನಾವಳಿಯನ್ನು ಬೇರೆ ಭಾಷೆಯವರಿಗೆ ಬಳಸಬೇಕೆಂದರೆ ಅನುವಾದ ಮೊದಲ ಮೆಟ್ಟಿಲು ಅಷ್ಟೇ.

ಮನಶ್ಶಾಸ್ತ್ರಜ್ಞ ಜೆರಾಲ್ಡ್ ಡೆವಿನ್ಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಿಡ್ನಿ ವಿಫಲವಾದವರಿಗಾಗಿ ರೂಪಿಸಿದ ಪ್ರಶ್ನಾವಳಿಯನ್ನೇ ನೋಡಿ. ಅದರಲ್ಲಿ ಊಟ, ಕೆಲಸ, ದುಡ್ಡು, ದಾಂಪತ್ಯ, ಲೈಂಗಿಕ ಜೀವನ ಹೀಗೆ 13 ವಿಷಯಗಳಿವೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ, ಒಟ್ಟು 13ರಿಂದ 91. ಅಂಕ ಹೆಚ್ಚಾದಷ್ಟೂ ಅಡ್ಡಿ ಜಾಸ್ತಿ.

ಸಾಮಾನ್ಯವಾಗಿ ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ. ಮೂಲವನ್ನೇ ನೋಡದ ಇನ್ನೊಬ್ಬರು ಅದನ್ನು ವಾಪಸ್ ಮೂಲ ಭಾಷೆಗೆ ತರುತ್ತಾರೆ. ಆದರೆ ನನ್ನ ಪ್ರಕಾರ ಅಸಲಿ ಕೆಲಸ ಆಮೇಲಿನದು. ರೋಗಿಗಳನ್ನೇ ಕೂರಿಸಿಕೊಂಡು, ‘ಈ ಪ್ರಶ್ನೆ ನಿಮಗೆ ಏನಂತ ಅರ್ಥವಾಯಿತು?’ ಎಂದು ಕೇಳುವುದು. ಪಟ್ಟಿಯಲ್ಲಿ ‘ತನ್ನನ್ನು ತಾನು ವ್ಯಕ್ತಪಡಿಸಿಕೊಳ್ಳುವುದು’ ಎಂಬುದೂ ಇದೆ. ಪದ ಸರಿಯಾಗಿಯೇ ಇರಬಹುದು, ಓದಿದವರಿಗೆ ತಲೆಬುಡ ತಿಳಿಯದಿರಬಹುದು, ಅಲ್ವಾ? ಲೈಂಗಿಕತೆಯ ಪ್ರಶ್ನೆಯನ್ನು ಮುಜುಗರದಿಂದ ಖಾಲಿ ಬಿಟ್ಟರೆ, ಅದು ‘ಅಡ್ಡಿ ಇಲ್ಲ’ ಎಂಬ ಉತ್ತರವಲ್ಲ.

ಅಂಕಿಅಂಶದ ಪರೀಕ್ಷೆ ಬರುವುದು ಆನಂತರ. ಕ್ರೋನ್‌ಬ್ಯಾಕ್ ಆಲ್ಫಾ ಎಂಬ ಅಳತೆ 0.7 ದಾಟಿದರೆ ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಹೇಳುವುದು ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ. ಅವು ಅಳೆಯಬೇಕಾದ್ದನ್ನೇ ಅಳೆಯುತ್ತಿವೆಯೇ? ಮೂಲದಲ್ಲಿ ಒಟ್ಟಿಗೆ ಗುಂಪಾಗುವ ಪ್ರಶ್ನೆಗಳು ಅನುವಾದದಲ್ಲೂ ಹಾಗೆಯೇ ಗುಂಪುಗೂಡುತ್ತವೆಯೇ? ಖಿನ್ನತೆಯ ಅಂಕ ಹೆಚ್ಚಿರುವವರಲ್ಲಿ ಅಡ್ಡಿಯ ಅಂಕವೂ ಏರುತ್ತದೆಯೇ? ಇವನ್ನು ಬೇರೆಯಾಗಿ ನೋಡಬೇಕು.

ಇನ್ನೊಂದು ತೊಡಕಿದೆ. ಕೆಲವು ಕಡೆ ಜನ ಸಾಮಾನ್ಯವಾಗಿ 1, 7ರಂಥ ತುದಿ ಅಂಕ ಕೊಡಲು ಹಿಂಜರಿಯುತ್ತಾರೆ. ಅದನ್ನು ಪರೀಕ್ಷಿಸದೆ ಎರಡು ದೇಶಗಳ ಸರಾಸರಿಯನ್ನು ಸುಮ್ನೆ ಅಕ್ಕಪಕ್ಕ ಇಟ್ಟು, ‘ಇಲ್ಲಿನವರಿಗೆ ತೊಂದರೆ ಕಡಿಮೆ’ ಎನ್ನಲು ಬರುವುದಿಲ್ಲ.