ಮೇಷ್ಟ್ರು ಸ್ಪೆಲ್ಲಿಂಗ್ ತಪ್ಪಿದ್ದರಾ?

ಪ್ರಶ್ನೆ: ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಹೋದ ತಿಂಗಳು ಅಟ್ಟ ಗುಡಿಸುವಾಗ ಅವರ ಹಳೇ ಕಂಪ್ಯೂಟರ್ ಸಿಕ್ಕಿತು. ಸ್ವಿಚ್ ಹಾಕಿದರೆ ಆನ್ ಆಯ್ತು! ರೆಡ್ ಹ್ಯಾಟ್ ಲಿನಕ್ಸ್ 7.2 ಇದೆ. ಅದರಲ್ಲಿ 'ಪಿಪಿಪಿ-ಆನ್' ಅಂತ ಒಂದು ಶೆಲ್ ಸ್ಕ್ರಿಪ್ಟ್ (ಸಾಲಾಗಿ ಆಜ್ಞೆ ಬರೆದಿಟ್ಟ ಫೈಲ್), ಜೊತೆಗೆ 'ಪಿಪಿಪಿ-ಆನ್-ಡಯಲರ್' ಅಂತ ಇನ್ನೊಂದು. ನಾನು ದಿನಾ ಪೈಥಾನ್ ಬರೆಯುವವನು, ಆದರೂ ಈ ಡಯಲರ್ ತಲೆಗೆ ಹೋಗಲಿಲ್ಲ. ಲಾಗಿನ್, ಪಾಸ್‌ವರ್ಡ್ ಎರಡು ಪದಕ್ಕೂ ಮೊದಲ ಅಕ್ಷರವೇ ಇಲ್ಲ. ಸ್ಪೆಲ್ಲಿಂಗ್ ತಪ್ಪಿದರೆ ಕಿವಿ ಹಿಂಡುತ್ತಿದ್ದ ಮನುಷ್ಯ ಅವರು! ಒಂದು ಸಾಲಿನ ಪಕ್ಕ 'ಎಕ್ಸ್3 ತೆಗೆಯಬಾರದು' ಅಂತ ಬೇರೆ ಬರೆದಿದ್ದಾರೆ. ಏನಿದೆಲ್ಲ?
– ಓದುಗರೊಬ್ಬರು, ಸಾಗರ

ಉತ್ತರ: ಮೇಷ್ಟ್ರು ತಪ್ಪಿಲ್ಲ. ಬೇಕಂತಲೇ ಹಾಗೆ ಬರೆದಿದ್ದಾರೆ. ಫೋನ್ ಲೈನಿನಲ್ಲೇ ಇಂಟರ್ನೆಟ್ ಬರುತ್ತಿದ್ದ ಡಯಲ್-ಅಪ್ ಕಾಲದ್ದು ಇದು. ಕಂಪ್ಯೂಟರನ್ನು ಫೋನ್ ಲೈನಿಗೆ ಸೇರಿಸುವ ಮೋಡೆಮ್‌ನಿಂದ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿಸುವುದು ಈ ಸ್ಕ್ರಿಪ್ಟಿನ ಕೆಲಸ. ಆ ಲೈನಿನ ಮೇಲೆ ಎರಡು ಕಂಪ್ಯೂಟರ್ ಮಾತಾಡುವ ಪದ್ಧತಿಯ ಹೆಸರು ಪಿಪಿಪಿ. ಅಂಥದ್ದೇ ಸ್ಕ್ರಿಪ್ಟ್ ನನ್ನ ಹತ್ತಿರವೂ ಇತ್ತು, ನಾನೂ ಮೊದಲು ಹೀಗೇ ನಕ್ಕಿದ್ದೆ.

ಡಯಲರ್ ಒಳಗೆ ಕೆಲಸ ಮಾಡುವುದು 'ಚಾಟ್' ಅನ್ನುವ ಪುಟ್ಟ ಪ್ರೋಗ್ರಾಂ. ಮಗುವಿನ ಕೈಗೆ ಫೋನ್ ಕೊಟ್ಟು, 'ಅತ್ತೆ ಹಲೋ ಅಂದರೆ ನೀನು ನಮಸ್ಕಾರ ಅನ್ನು' ಅಂತ ಹೇಳಿಕೊಡುತ್ತೇವಲ್ಲ, ಅದೇ ಲೆಕ್ಕ. ಸಾಲುಗಳನ್ನು ಜೋಡಿಜೋಡಿಯಾಗಿ ಓದಿ. ಎಡಗಡೆ ಇರುವುದು ಆ ಕಡೆಯಿಂದ ಕೇಳಿಸಬೇಕಾದ ಮಾತು, ಬಲಗಡೆ ಇರುವುದು ಈ ಕಡೆಯಿಂದ ಹೇಳುವ ಮಾತು. ಮೊದಲ ಜೋಡಿಯ ಎಡಗಡೆ ಖಾಲಿ ಕೋಟ್ ಇರುತ್ತದೆ. ಏನೂ ಕೇಳಿಸಿಕೊಳ್ಳಬೇಕಿಲ್ಲ, ನೀನೇ ಮಾತು ಶುರು ಮಾಡು ಅಂತ ಅರ್ಥ. ಆಮೇಲೆ ಮೋಡೆಮ್ 'ಓಕೆ' ಅಂದರೆ ನಂಬರ್ ತಿರುಗಿಸು. 'ಕನೆಕ್ಟ್' ಅಂತ ಬಂದರೆ ಲೈನ್ ಕೂಡಿಕೊಂಡಿತು ಅಂತ ತಿಳಿ. 'ಅಬಾರ್ಟ್' ಅಂತ ಶುರುವಾಗುವ ಸಾಲುಗಳು ಇವಕ್ಕೆ ಹೊರತು. 'ಬ್ಯುಸಿ' ಅಂತಲೋ 'ನೋ ಕ್ಯಾರಿಯರ್' ಅಂತಲೋ ಯಾವಾಗ ಕೇಳಿಸಿದರೂ ಅಲ್ಲಿಗೇ ಬಿಟ್ಟು ಎದ್ದುಬಾ ಅನ್ನುವ ಸೂಚನೆ ಅದು.

ಈಗ ಆ ಸ್ಪೆಲ್ಲಿಂಗ್. ಆ ಕಡೆಯ ಸರ್ವರ್ 'ಲಾಗಿನ್' ಅಂತ ಕಳಿಸುವಾಗ ಎಲ್ ಅಕ್ಷರ ದೊಡ್ಡದಿರಬಹುದು, ಚಿಕ್ಕದಿರಬಹುದು. ಲೈನ್ ಆಗಷ್ಟೇ ಕೂಡಿಕೊಂಡಿರುವುದರಿಂದ ಮೊದಲ ಅಕ್ಷರ ನುಂಗಿಹೋಗಿರಲೂಬಹುದು. 'ಚಾಟ್' ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ. ಒಂದು ತಪ್ಪಿದರೂ ಕಾಯುತ್ತಾ ಕೂರುತ್ತದೆ. ಅದಕ್ಕೇ ತಲೆ ಬಿಟ್ಟು ಬಾಲ ಹಿಡಿಯುವುದು. ನಿಮ್ಮ ಫೈಲಿನಲ್ಲಿ ಆ ಅರ್ಧ ಪದ ಎರಡು ಸಲ ಇದ್ದು, ನಡುವೆ ಎರಡು ಅಡ್ಡಗೆರೆ ಇರಬೇಕು, ನೋಡಿ. ಕಾದರೂ ಲಾಗಿನ್ ಬರದಿದ್ದರೆ ಒಂದು ಎಂಟರ್ ಒತ್ತಿ ಮತ್ತೆ ಕಾಯಿ ಅಂತ ಆ ಗೆರೆಗಳು ಹೇಳುತ್ತವೆ.

ಎಕ್ಸ್3ರ ಕಥೆ ನನಗೆ ಇನ್ನೂ ಇಷ್ಟ. ಎಕ್ಸ್3, ಎಕ್ಸ್4 ಎರಡೂ ಮೋಡೆಮ್‌ಗೆ ಕೊಡುವ ಆಜ್ಞೆಗಳು. ಎಕ್ಸ್4 ಇದ್ದರೆ ಮೋಡೆಮ್ ಡಯಲ್ ಟೋನ್ ಕೇಳಿದ ಮೇಲೇ ನಂಬರ್ ತಿರುಗಿಸುತ್ತದೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಎರಡೂ ಸೇರಿದ್ದು. ನಮ್ಮದು 400 ಹರ್ಟ್ಸ್‌ನ ಗುರುಗುಡುವ ಟೋನ್. ಅಲ್ಲಿನ ಟೋನಿಗೆ ಹೊಂದಿಸಿದ ಮೋಡೆಮ್ ತಂದು ಇಲ್ಲಿ ಸಿಕ್ಕಿಸಿದರೆ, ನಮ್ಮ ಕಿವಿಗೆ ಟೋನ್ ಗಟ್ಟಿಯಾಗಿ ಕೇಳಿಸುತ್ತಿದ್ದರೂ ಅದು 'ನೋ ಡಯಲ್‌ಟೋನ್' ಅಂತ ಹಠ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಲೈನ್ ಕರಕರ ಅನ್ನುವಾಗಂತೂ ಕೇಳಲೇಬೇಡಿ. ಎಕ್ಸ್3 ಅಂದರೆ, ಟೋನ್ ಬೇಡ, ಕಣ್ಣು ಮುಚ್ಚಿ ತಿರುಗಿಸು ಅಂತ. ನಿಮ್ಮಪ್ಪ ಇದನ್ನು ಕಂಡುಹಿಡಿಯುವುದಕ್ಕೆ ಎಷ್ಟು ಸಂಜೆ ಕಳೆದರೋ! ತೆಗೆಯಬಾರದು ಅಂತ ಬರೆದಿಟ್ಟಿದ್ದು ಸುಮ್ನೆ ಅಲ್ಲ.

ನಂಬರ್ ತಿರುಗಿಸು ಅಂತ ಮೋಡೆಮ್‌ಗೆ ಹೇಳುವ ಆಜ್ಞೆ 'ಎಟಿಡಿ'. ಅದಾದ ಮೇಲೆ ಟಿ (ಟೋನ್) ಇದೆಯಾ, ಪಿ (ಪಲ್ಸ್) ಇದೆಯಾ ಅಂತಲೂ ನೋಡಿ. ಪಿ ಇದ್ದರೆ ನಿಮ್ಮ ಮನೆಯದು ಬಹುಶಃ ಹಳೇ ಪಲ್ಸ್ ಲೈನ್. ಒಂದು ಸೊನ್ನೆಗೆ ಹತ್ತು ಟಕಟಕ, ಸುಮಾರು ಒಂದು ಸೆಕೆಂಡು. ನಂಬರ್ ಮುಗಿಯುವಷ್ಟರಲ್ಲಿ ಅರ್ಧ ಕಾಫಿ ಕುಡಿಯಬಹುದು. 'ಚಾಟ್' ತಾನಾಗಿ ಕಾಯುವುದು 45 ಸೆಕೆಂಡು. ಪಲ್ಸಿನಲ್ಲಿ ತಿರುಗಿಸಿ, ಮೋಡೆಮ್‌ಗಳ ಕಿರುಚಾಟ ಮುಗಿದು ಕನೆಕ್ಟ್ ಆಗುವುದಕ್ಕೆ ಅದು ಸಾಲದೇ ಹೋಗುತ್ತಿತ್ತು. ನಾನು ಟೈಮ್‌ಔಟ್ 90 ಇಟ್ಟುಕೊಂಡಿದ್ದೆ.

ನನ್ನದೊಂದು ಪ್ರಕರಣ ಹೇಳಲೇಬೇಕು. 2002ರಲ್ಲಿ, ಪಿಯುಸಿ ರಜೆ. ಹಗಲೆಲ್ಲ ಲೈನ್ ಬ್ಯುಸಿ, ಹಾಗಾಗಿ 'ಸಿಗುವ ತನಕ ತಿರುಗಿಸು, ನಡುವೆ 30 ಸೆಕೆಂಡು ಮಲಗು' ಅಂತ ಒಂದು ಲೂಪ್ ಬರೆದು ನಾನೂ ಮಲಗಿದೆ. ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ರಾತ್ರಿಯಿಡೀ ಆ ಫೋನ್ ಹೋಗಿದ್ದು ನಮ್ಮೂರಿನದೇ ಒಬ್ಬ ಅಡಿಕೆ ವ್ಯಾಪಾರಿಗಳ ಮನೆಗೆ. ಎತ್ತಿದರೆ ಮಾತಿಲ್ಲ, ಬರೀ ಪೀಂ... ಪೀಂ... ಬೆಳಿಗ್ಗೆ ಅವರು ಅಂಗಡಿ ಕಟ್ಟೆಯ ಮೇಲೆ ಕೂತು, 'ಯಾರೋ ಮಾಟ ಮಾಡಿಸ್ತಿದಾರೆ ಕಣ್ರೀ' ಅಂತ ನಮ್ಮಪ್ಪನ ಹತ್ತಿರವೇ ಹೇಳಿಕೊಂಡರಂತೆ. ತಿಂಗಳ ಕೊನೆಗೆ ಬಿಲ್ ಬಂದಾಗ ಮಾಟ ಯಾರದ್ದು ಅಂತ ಮನೆಯಲ್ಲಿ ಗೊತ್ತಾಯ್ತು. ಲೂಪಿಗೆ ಐದು ಸಲದ ಮಿತಿ ಹಾಕುವುದನ್ನು ನಾನು ಕಲಿತದ್ದು ಹಾಗೆ.

ಒಂದು ಕೆಲಸ ಮಾಡಿ. ಈ ಸ್ಕ್ರಿಪ್ಟಿನಲ್ಲಿ ಯೂಸರ್ ಹೆಸರು, ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಹಾಗೇ ಕಾಣುತ್ತವೆ. ಆ ಅಕೌಂಟ್ ಈಗ ಇರಲಿಕ್ಕಿಲ್ಲ. ಆದರೆ ಅಪ್ಪ ಅದೇ ಪಾಸ್‌ವರ್ಡ್ ಬೇರೆ ಕಡೆಯೂ ಇಟ್ಟಿದ್ದರೆ? ಫೋಟೋ ತೆಗೆದು ಗುಂಪಿಗೆ ಹಾಕುವ ಮೊದಲು ಅಳಿಸಿ.

ಪ್ರಶ್ನೆ: ಈಗ ಡಯಲ್-ಅಪ್ ಇಲ್ಲ. ಆದರೂ ಪಿಪಿಪಿ ಕಲಿಯುವ ಆಸೆ. ದಾರಿ ಇದೆಯಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡಿವೆ. ಮನೆಯಲ್ಲಿ ಹಳೇ 3ಜಿ ಡಾಂಗಲ್ ಬಿದ್ದಿದ್ದರೆ ಎತ್ತಿಕೊಳ್ಳಿ. ಲಿನಕ್ಸಿಗೆ ಅಂಥ ಎಷ್ಟೋ ಡಾಂಗಲ್ ಯುಎಸ್‌ಬಿ ವೇಷದ ಮೋಡೆಮ್ ಆಗಿಯೇ ಕಾಣುತ್ತವೆ. ಅದೇ 'ಚಾಟ್', ಅದೇ 'ಎಟಿಡಿ'. ಫೋನ್ ನಂಬರ್ ಜಾಗದಲ್ಲಿ ಮಾತ್ರ ನಕ್ಷತ್ರ, 99, ಹ್ಯಾಶ್. ಬೀದಿಗೊಂದು ಟವರ್ ಬಂದ ಮೇಲೂ 1981ರ ಹೇಯ್ಸ್ ಮೋಡೆಮಿನ ಭಾಷೆಯಲ್ಲೇ ಮಾತಾಡುತ್ತಿದ್ದೆವು ಅನ್ನುವುದು ನನಗಂತೂ ಖುಷಿ ಕೊಡುವ ವಿಷಯ. ಆದರೆ ನಿಮ್ಮ ಏರಿಯಾದಲ್ಲಿ 3ಜಿ ಸಿಗ್ನಲ್ಲೇ ಇಲ್ಲದಿದ್ದರೆ ಡಾಂಗಲ್ 'ನೋ ಕ್ಯಾರಿಯರ್' ಅಂದು ಸುಮ್ಮನಾಗಬಹುದು.

ಆಗ ಎರಡನೇ ದಾರಿ. ಎರಡು ಕಂಪ್ಯೂಟರ್‌ಗಳ ಸೀರಿಯಲ್ ಪೋರ್ಟ್‌ಗಳನ್ನು ನಲ್ ಮೋಡೆಮ್ ಕೇಬಲ್‌ನಿಂದ ಜೋಡಿಸಿ. ಸಾದಾ ಸೀರಿಯಲ್ ಕೇಬಲ್ ಆಗಲ್ಲ, ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು, ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ. ಎರಡೂ ಕಡೆ ಪಿಪಿಪಿ ನಡೆಸುವ 'ಪಿಪಿಪಿಡಿ' ಪ್ರೋಗ್ರಾಂ ಓಡಿಸಿ, ವೇಗ 115200 ಕೊಡಿ, 'ಲೋಕಲ್' (ಮೋಡೆಮ್ ಸಂಕೇತಕ್ಕೆ ಕಾಯಬೇಡ), 'ನೋಆಥ್' (ಪಾಸ್‌ವರ್ಡ್ ಕೇಳಬೇಡ) ಎರಡೂ ಸೇರಿಸಿ. ಒಂದು ಕಡೆಯಲ್ಲಿ ಎರಡೂ ಕಂಪ್ಯೂಟರಿನ ಐಪಿ ವಿಳಾಸ ಬರೆದರೆ ಸಾಕು. ಇಲ್ಲಿ 'ಚಾಟ್' ಬೇಡವೇ ಬೇಡ, ಮೋಡೆಮ್ಮೇ ಇಲ್ಲವಲ್ಲ! ಪಿಂಗ್ ಹೊಡೆದು ಉತ್ತರ ಬಂದರೆ ನೀವೇ ಒಂದು ಪುಟಾಣಿ ಇಂಟರ್ನೆಟ್ ಕಂಪನಿ.

ಪ್ರಶ್ನೆ: ನಮ್ಮ ಮಾವ 'ಶೆಲ್ ಅಕೌಂಟ್ ಇತ್ತು ನಂಗೆ' ಅಂತ ಜಂಭ ಪಡುತ್ತಾರೆ. ಶೆಲ್ ಸ್ಕ್ರಿಪ್ಟ್ ಅಂದರೆ ಅದೇನಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಲ್ಲ. 1995ರ ಆಗಸ್ಟ್ 15ಕ್ಕೆ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ಟನ್ನು ಜನರಿಗೆ ತೆರೆದಾಗ, ಕಡಿಮೆ ದುಡ್ಡಿನ ಅಕೌಂಟ್ ಅಂದರೆ ಈ ಶೆಲ್ ಅಕೌಂಟ್. ಫೋನ್ ಮಾಡಿ ಅವರ ಯುನಿಕ್ಸ್ ಯಂತ್ರದೊಳಗೆ ಕೂರುವುದು, ಬರೀ ಅಕ್ಷರದಲ್ಲೇ ಮೇಲ್, ಬರೀ ಅಕ್ಷರದಲ್ಲೇ ವೆಬ್. ಚಿತ್ರ ಇಲ್ಲ. ನಿಮ್ಮ ಮಾವನ ಕಂಪ್ಯೂಟರ್ ಇಂಟರ್ನೆಟ್ಟಿನಲ್ಲಿ ಇರಲೇ ಇಲ್ಲ, ಕಿಟಕಿಯಿಂದ ನೋಡುತ್ತಿತ್ತು ಅಷ್ಟೆ. ಜಂಭ ಪಡಲಿ ಬಿಡಿ, ಆಗ ಅಷ್ಟು ಮಾಡಿದವರೂ ಜಾಸ್ತಿ ಇರಲಿಲ್ಲ.