ಯುವ ವಕೀಲರು ಹೆಸರು ಗಳಿಸುವ ಬಗೆ

ಧಾರವಾಡದಲ್ಲಿ ಈಚೆಗೆ ವಕೀಲಿ ವೃತ್ತಿ ಆರಂಭಿಸಿರುವ ತಾವು, ಗೆದ್ದ ಪ್ರಕರಣಗಳ ವಿವರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿ ಹೆಸರು ಮಾಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮವು ಜಾಹೀರಾತಿನ ಮೂಲಕ ಕೆಲಸ ಕೋರುವುದನ್ನಷ್ಟೇ ಅಲ್ಲ, ತಾವು ನಡೆಸಿದ ಪ್ರಕರಣಕ್ಕೆ ಸಂಬಂಧಿಸಿ ತಮ್ಮ ಭಾವಚಿತ್ರ ಪ್ರಕಟವಾಗುವಂತೆ ನೋಡಿಕೊಳ್ಳುವುದನ್ನೂ ನಿಷೇಧಿಸುತ್ತದೆ. 2008ರ ತಿದ್ದುಪಡಿಯ ನಂತರ ಸ್ವಂತ ಜಾಲತಾಣದಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ವಕಾಲತ್ತಿನ ಕ್ಷೇತ್ರದಂತಹ ಕೆಲವೇ ವಿವರಗಳಿಗೆ ಅವಕಾಶವಿದೆ.

ಬದಲಿಗೆ ಒಂದೇ ವಿಷಯವನ್ನು ಹಿಡಿದು ಬರೆಯಿರಿ. ಉದಾಹರಣೆಗೆ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಕೊಟ್ಟ ಹಕ್ಕಿಗೆ, ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದನ್ನು ತಿಳಿಗನ್ನಡದಲ್ಲಿ ವಿವರಿಸಬಹುದು. ಕೊನೆಯಲ್ಲಿ ಮಾತ್ರ ‘ಸಂಪರ್ಕಿಸಿ’ ಎಂದು ದೂರವಾಣಿ ಸಂಖ್ಯೆ ಸೇರಿಸಬೇಡಿ. ಒಳ್ಳೆಯ ಲೇಖನವೂ ಅಲ್ಲಿಗೆ ಜಾಹೀರಾತಾಗಿಬಿಡುತ್ತದೆ.