ಮೈದಾನದಲ್ಲಿ ನೀರು ನಿಂತಿದೆ, ಮಗಳು ಮಾತು ನಿಲ್ಲಿಸಿದ್ದಾಳೆ

ಪ್ರಶ್ನೆ: ನಮ್ಮದು ಅಂಕೋಲಾ ತಾಲ್ಲೂಕು. ಮಗಳು ಹತ್ತನೇ ತರಗತಿ, ಶಾಲೆಯ ರಿಲೇ ತಂಡದಲ್ಲಿ ಓಡುತ್ತಾಳೆ. ಮಳೆಯಿಂದ ತಾಲ್ಲೂಕು ಕ್ರೀಡಾಕೂಟ ಎರಡು ಸಲ ಮುಂದಕ್ಕೆ ಹೋಗಿ ಈಗ ದಿನಾಂಕವೇ ಇಲ್ಲ, ಅಭ್ಯಾಸವೂ ನಿಂತಿದೆ. ಬೆಳಿಗ್ಗೆ ಐದಕ್ಕೆ ಎದ್ದು ಅಪ್ಪನ ಬೈಕಿನಲ್ಲಿ ಮೈದಾನಕ್ಕೆ ಹೋಗುತ್ತಿದ್ದವಳು ಎಂಟಾದರೂ ಹಾಸಿಗೆ ಬಿಡುವುದಿಲ್ಲ. 'ಓಡುವುದೇ ಇಲ್ಲ, ಇಷ್ಟು ಅನ್ನ ಯಾಕೆ ಆಯಿ?' ಎಂದು ತಟ್ಟೆ ಸರಿಸುತ್ತಾಳೆ. ನಮ್ಮ ಯಜಮಾನರು 'ಒಳ್ಳೆಯದೇ ಆಯಿತು, ಕೂತು ಓದಲಿ' ಎನ್ನುತ್ತಾರೆ. ಇದು ಸೋಮಾರಿತನವೇ?
– ಒಬ್ಬ ತಾಯಿ

ಉತ್ತರ: ಸೋಮಾರಿಯಾಗಿದ್ದರೆ ಆಷಾಢದ ಮಳೆಯಲ್ಲಿ ಐದಕ್ಕೆ ಏಳುತ್ತಿದ್ದಳೇ? ಆ ಅನುಮಾನ ಬಿಡಿ. ಅವಳು ದುಃಖದಲ್ಲಿದ್ದಾಳೆ. ದೊಡ್ಡವರ ಕಣ್ಣಿಗೆ ಒಂದು ಸ್ಪರ್ಧೆ ತಪ್ಪಿದೆ, ಅಷ್ಟೇ. ಅವಳ ಪಾಲಿಗೆ ಏಳುವ ಹೊತ್ತು, ದಣಿದು ಬರುವ ಹಸಿವು, ಗೆಳತಿಯರ ಹರಟೆ, 'ಓಡುವ ಹುಡುಗಿ' ಎಂದು ಊರು ಕೊಟ್ಟ ಗುರುತು, ಎಲ್ಲವೂ ಒಂದೇ ಮಳೆಗೆ ಹೋಗಿವೆ.

'ಮುಂದಿನ ವರ್ಷ ಇದೆಯಲ್ಲ' ಎಂದು ಸಮಾಧಾನ ಹೇಳುವವರು ನಿಮ್ಮ ಮನೆಗೂ ಬಂದಿರುತ್ತಾರೆ. ನೀವು ಮಾತ್ರ ಹಾಗೆ ಹೇಳಬೇಡಿ. ಮುಂದಿನ ವರ್ಷ ಪಿಯು ಕಾಲೇಜಿನಲ್ಲೂ ಓಟ ಇರುತ್ತದೆ, ಆದರೆ ಈ ನಾಲ್ವರ ತಂಡ ಇರುವುದಿಲ್ಲ. ಒಬ್ಬಳು ಕುಮಟಾಕ್ಕೆ, ಇನ್ನೊಬ್ಬಳು ಕಾರವಾರಕ್ಕೆ ಹೋಗಿರುತ್ತಾಳೆ. ಇದು ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತು. 'ಬೇಸರವಾಗುವಂಥದ್ದೇ' ಎಂದು ಒಪ್ಪಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಅತ್ತರೆ ಅಳಲಿ.

ಕಾಯುವುದಕ್ಕಿಂತ, ಎಲ್ಲಿಯವರೆಗೆ ಕಾಯಬೇಕೆಂದು ತಿಳಿಯದಿರುವುದು ಹೆಚ್ಚು ಹಿಂಡುತ್ತದೆ. 2020ರ ಮಾರ್ಚ್ 24ರಂದು ಟೋಕಿಯೋ ಒಲಿಂಪಿಕ್ಸ್ ಮುಂದೂಡಿದರು. ವಾರ ತುಂಬುವ ಮೊದಲೇ, 30ರಂದು, 2021ರ ಜುಲೈ 23 ಎಂದು ಹೊಸ ದಿನ ಗೊತ್ತುಮಾಡಿದರು. ಕ್ರೀಡಾಪಟುಗಳಿಗೆ ಹಿಂದಕ್ಕೆ ಎಣಿಸಿಕೊಂಡು ತಯಾರಾಗಲು ಒಂದು ದಿನವಾದರೂ ಸಿಕ್ಕಿತು. ನಿಮ್ಮ ಮಗಳ ಕೈಯಲ್ಲಿ ಇರುವುದು ಜಿಲ್ಲಾಧಿಕಾರಿಗಳ ರಜೆ ಆದೇಶ ಬರುವ ಮೊಬೈಲ್ ಮಾತ್ರ. ಕೂಟದ ದಿನವನ್ನು ನೀವು ತರಲಾರಿರಿ, ವಾರದ ದಿನಗಳನ್ನು ಕೊಡಬಲ್ಲಿರಿ. ದೈಹಿಕ ಶಿಕ್ಷಕರಿಗೆ ಫೋನ್ ಮಾಡಿ, ಮನೆಯೊಳಗೆ ಮಾಡುವ ವ್ಯಾಯಾಮಗಳನ್ನು ದಿನಕ್ಕಿಷ್ಟು ಎಂದು ಬರೆಸಿಕೊಳ್ಳಿ. ಶನಿವಾರ ಮಧ್ಯಾಹ್ನ ಉಳಿದ ಮೂವರನ್ನೂ ಮನೆಗೆ ಕರೆಯಿರಿ. ಬ್ಯಾಟನ್ ಬದಲಿಸುವುದನ್ನು ನಿಂತಲ್ಲೇ ಅಭ್ಯಾಸ ಮಾಡಬಹುದು. ನಾಲ್ವರೂ ಜಗುಲಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತು ತೋಳು ಬೀಸುತ್ತಿರಬೇಕು. ಹಿಂದಿನವಳು ಕೂಗಿದೊಡನೆ ಮುಂದಿನವಳು ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಬೇಕು. ಬ್ಯಾಟನ್ ಇಲ್ಲದಿದ್ದರೆ 30 ಸೆಂಟಿಮೀಟರಿನ ಪಿವಿಸಿ ಪೈಪಿನ ತುಂಡು ಸಾಕು. ಅದು ಬಿದ್ದ ಸದ್ದಿಗೆ ಯಜಮಾನರ ಮಧ್ಯಾಹ್ನದ ನಿದ್ದೆ ಕೆಟ್ಟರೆ ಸಹಿಸಿಕೊಳ್ಳಲಿ.

ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಆ ತಟ್ಟೆಯ ಮಾತು. ಬೆಳೆಯುವ ಮೈಗೆ ಓಡದಿದ್ದರೂ ಅನ್ನ, ಮೀನು, ಕಾಳು ಬೇಕೇ ಬೇಕು. 'ದಪ್ಪಗಾಗುತ್ತೀಯ' ಎಂಬ ತಮಾಷೆಯನ್ನು ಮನೆಯಲ್ಲಿ ಯಾರೂ ಆಡಕೂಡದು. ಮುಟ್ಟು ಸರಿಯಾಗಿ ಬರುತ್ತಿದೆಯೇ ಎಂದೂ ಮೆಲ್ಲಗೆ ವಿಚಾರಿಸಿ. ಊಟ ಬಿಡುವುದು, ನಿದ್ದೆ ಏರುಪೇರಾಗುವುದು, ಯಾರ ಜೊತೆಗೂ ಸೇರದಿರುವುದು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡ ಎಂಬಂಥ ಮಾತು ಅವಳ ಬಾಯಿಂದ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಒಬ್ಬಳನ್ನೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಯಜಮಾನರ ವಿಷಯ. ದಿನವೂ ಮೈದಾನಕ್ಕೆ ಬಿಡುತ್ತಿದ್ದವರು ಅವರೇ. ಮಗಳೊಂದಿಗಿನ ಆ ಅರ್ಧ ಗಂಟೆ ಅವರಿಗೂ ತಪ್ಪಿದೆ. ಅದೇ 'ಓದಲಿ' ಎಂಬ ಗೊಣಗಾಟವಾಗಿ ಹೊರಬರುತ್ತಿದೆಯೆಂದು ನನ್ನ ಊಹೆ. ಓದು ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಓಟ ಕಸಿದುಕೊಂಡ ಹೊತ್ತಿಗೆ ಸರಿಯಾಗಿ ಪುಸ್ತಕ ತಂದಿಟ್ಟರೆ ಪುಸ್ತಕದ ಮೇಲೂ ಸಿಟ್ಟು ಬರುತ್ತದೆ. ಮಳೆ ಹೊಳವಾದ ಬೆಳಿಗ್ಗೆ ಅವರು ಬೈಕ್ ತೆಗೆಯಲಿ. ಕೆಸರಿನ ಮೈದಾನ ಬೇಡ, ಪಾದ ಉಳುಕುತ್ತದೆ. ವಾಹನಗಳ ಓಡಾಟ ಕಡಿಮೆಯಿರುವ ಊರ ರಸ್ತೆಯಲ್ಲಿ ನಿಧಾನವಾಗಿ ಓಡಿದರೆ ಸಾಕು. ಅಂದು ಸ್ಟಾಪ್‌ವಾಚ್ ಮನೆಯಲ್ಲೇ ಇರಲಿ.